‘ಅಡಿಕ್ವೇಟ್’ ಎಂದರೆ ಹೊಗಳಿಕೆಯೋ, ತೆಗಳಿಕೆಯೋ?

ಪ್ರಶ್ನೆ: ಮೇಡಂ, ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಒಂದು ತಂಡ ನೋಡಿಕೊಳ್ಳುತ್ತಿದ್ದೇನೆ. ತಂಡದವರ ಕೆಲಸದ ಬಗ್ಗೆ ದಿನಾ ಇಂಗ್ಲಿಷಿನಲ್ಲಿ ಅಭಿಪ್ರಾಯ ಬರೆಯಬೇಕು. ಇತ್ತೀಚೆಗೆ ಸಹೋದ್ಯೋಗಿಯೊಬ್ಬರ ವರದಿಗೆ ‘ಯುವರ್ ರಿಪೋರ್ಟ್ ಈಸ್ ಅಡಿಕ್ವೇಟ್’ ಎಂದು ಬರೆದೆ. ನಿಘಂಟಿನಲ್ಲಿ ‘ಸಾಕಷ್ಟು, ತಕ್ಕಷ್ಟು’ ಎಂದಿತ್ತು. ಆದರೆ ಅವರಿಗೆ ತುಂಬಾ ಬೇಜಾರಾಯಿತು. ಇನ್ನೊಬ್ಬರ ಕೆಲಸ ಮಧ್ಯಮ ಮಟ್ಟದ್ದು ಎನ್ನಲು ‘ಮೀಡಿಯೋಕರ್’ ಎಂದೆ. ಅದು ನನ್ನ ಮೇಲಿನವರ ತನಕ ಹೋಯಿತು. ಇದರ ಉಲ್ಟಾ ಕೂಡ ಆಗಿದೆ. ಇಂಗ್ಲೆಂಡಿನ ಗ್ರಾಹಕರೊಬ್ಬರು ನಮ್ಮ ಕರಡು ‘ಕ್ವೈಟ್ ಗುಡ್’ ಎಂದರು. ನಾವೆಲ್ಲ ಖುಷಿಪಟ್ಟೆವು. ಆಮೇಲೆ ಉದ್ದದ ತಿದ್ದುಪಡಿ ಪಟ್ಟಿ ಬಂತು. ನನಗೆ ಸುಳ್ಳು ಹೊಗಳಲು ಇಷ್ಟವಿಲ್ಲ. ಕೆಟ್ಟದಾಗಿದೆ ಎಂದು ಹೇಳುವ ಉದ್ದೇಶವೂ ಇಲ್ಲ. ಕೆಲಸಕ್ಕೆ ಸಾಕು, ಅಷ್ಟೇ. ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದ ಯಾವುದು? ಇಂಥ ಪದಗಳನ್ನು ಕೆಳಗಿಂದ ಮೇಲಕ್ಕೆ ಜೋಡಿಸಿದ ಪಟ್ಟಿ ಕೊಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ನೀವು ಬೈಯುವ ಉದ್ದೇಶವಿಲ್ಲದೆ ಬರೆದದ್ದು ಬೈದ ಹಾಗೆ ಮುಟ್ಟುತ್ತಿದೆ. ಬೇರೆಯವರು ಮೆಲ್ಲಗೆ ಹೇಳಿದ ಕೊರತೆ ನಿಮಗೆ ಮೆಚ್ಚುಗೆಯಾಗಿ ಕೇಳಿಸುತ್ತಿದೆ. ಎರಡಕ್ಕೂ ಬೇರು ಒಂದೇ. ನಿಮ್ಮ ಇಂಗ್ಲಿಷ್ ಕಡಿಮೆ ಇರುವುದು ಇದಕ್ಕೆ ಕಾರಣವಲ್ಲ. ಕಚೇರಿಯ ಬರಹಗಳನ್ನು ತಿದ್ದುವುದು, ಬರೆಯುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಇಂಗ್ಲಿಷ್ ಮನೆಮಾತಾಗಿರುವವರೂ ಇದೇ ಜಾಗದಲ್ಲಿ ಎಡವುವುದನ್ನು ನಾನು ನೋಡುತ್ತಲೇ ಇರುತ್ತೇನೆ. ‘ಅದ್ಭುತ’ ಎನ್ನಲು ಯಾರಿಗೂ ಕಷ್ಟವಿಲ್ಲ. ‘ಕೆಟ್ಟದಾಗಿದೆ’ ಎನ್ನಲು ಧೈರ್ಯ ಸಾಕು. ಇವೆರಡರ ನಡುವಿನದನ್ನು ಹೇಳಲು ಪದದ ಜೊತೆಗೆ ಸಂದರ್ಭವನ್ನೂ ತೂಗಬೇಕು.

ನೀವು ಕೇಳಿದ ಪಟ್ಟಿಯ ವಿಷಯ ಮೊದಲು ಮುಗಿಸುತ್ತೇನೆ. ಅಂಥ ಪಟ್ಟಿಗಳು ಸಿಗುತ್ತವೆ. ಪಾಸಬಲ್, ಟಾಲರಬಲ್, ಫೇರ್, ಅಡಿಕ್ವೇಟ್, ಸ್ಯಾಟಿಸ್‌ಫ್ಯಾಕ್ಟರಿ, ಡೀಸೆಂಟ್, ಗುಡ್ ಎಂದು ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿರುತ್ತಾರೆ. ಅವನ್ನು ನಂಬಬೇಡಿ. ಇಂಗ್ಲಿಷಿನಲ್ಲಿ ಇರುವುದು ಒಂದು ಏಣಿಯಲ್ಲ, ಹಲವು. ಒಂದೇ ಪದ ಒಂದು ಏಣಿಯಲ್ಲಿ ನಡುವೆ ಇರುತ್ತದೆ, ಇನ್ನೊಂದರಲ್ಲಿ ತೀರಾ ಕೆಳಗೆ.

‘ಗುಡ್’ ಪದವನ್ನೇ ನೋಡಿ. ಹಳೆಯ ನಾಣ್ಯ ಸಂಗ್ರಹಿಸುವವರು ಬಳಸುವ ಒಂದು ಅಳತೆಯಿದೆ. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ರೂಪಿಸಿದ್ದು. ಅದು 1ರಿಂದ 70ರವರೆಗೆ ಹೋಗುತ್ತದೆ. ಅದರಲ್ಲಿ ‘ಗುಡ್’ ಎಂದರೆ 4. ಹೌದು, 70ಕ್ಕೆ 4. ನಾಣ್ಯ ಚೆನ್ನಾಗಿ ಸವೆದುಹೋಗಿದೆ, ಮುಖ್ಯ ಚಿತ್ರ ಮಾತ್ರ ಗುರುತು ಸಿಗುತ್ತದೆ ಎಂದರ್ಥ. ‘ಫೇರ್’ ಎಂದರೆ ಇನ್ನೂ ಕೆಳಗೆ, 2. ‘ಫೈನ್’ ಶುರುವಾಗುವುದೇ 12ರಿಂದ. ಹಳೆ ಪುಸ್ತಕ ಮಾರುವವರ ಭಾಷೆಯೂ ಹೀಗೆಯೇ. ಅಲ್ಲಿ ‘ಗುಡ್’ ಎಂದರೆ ಓದಿ ಬಳಸಿ ಹಳೆಯದಾದ, ಆದರೆ ಪುಟಗಳೆಲ್ಲ ಇರುವ ಸಾಮಾನ್ಯ ಪ್ರತಿ. ಈ ರೂಢಿ ಗೊತ್ತಿಲ್ಲದವರು ‘ಗುಡ್ ಕಂಡಿಶನ್’ ಎಂದು ಓದಿ ತರಿಸಿಕೊಳ್ಳುತ್ತಾರೆ. ಕಟ್ಟು ಸಡಿಲವಾದ ಪುಸ್ತಕ ಕೈಗೆ ಬಂದಾಗ ಮೋಸ ಹೋದೆವು ಎಂದುಕೊಳ್ಳುತ್ತಾರೆ. ಮಾರಿದವರು ಸುಳ್ಳು ಹೇಳಿರುವುದಿಲ್ಲ.

‘ಫೇರ್’ ಪದದ ಕತೆ ಇನ್ನೂ ಗೊಂದಲದ್ದು. ಫೋನಿನಲ್ಲಿ ಧ್ವನಿ ಎಷ್ಟು ಚೆನ್ನಾಗಿ ಕೇಳುತ್ತದೆ ಎಂದು ಅಳೆಯಲು ದೂರಸಂಪರ್ಕದವರು ಐದು ಹಂತಗಳನ್ನು ಬಳಸುತ್ತಾರೆ: ಎಕ್ಸಲೆಂಟ್, ಗುಡ್, ಫೇರ್, ಪೂರ್, ಬ್ಯಾಡ್. ಇಲ್ಲಿ ‘ಫೇರ್’ ಸರಿಯಾಗಿ ನಡುವೆ ಇದೆ. ಆರೋಗ್ಯ ಸಮೀಕ್ಷೆಗಳಲ್ಲಿ ‘ನಿಮ್ಮ ಆರೋಗ್ಯ ಹೇಗಿದೆ’ ಎಂದು ಕೇಳುವಾಗಲೂ ಸಾಮಾನ್ಯವಾಗಿ ಐದೇ ಹಂತ: ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್. ಇಲ್ಲಿ ನಡುವೆ ಇರುವುದು ‘ಗುಡ್’. ‘ಫೇರ್’ ಕೊನೆಯಿಂದ ಎರಡನೆಯದು, ಅಂದರೆ ಚಿಂತೆ ಮಾಡಬೇಕಾದ ಹಂತ. ಹವಾಮಾನದ ವಿಷಯಕ್ಕೆ ಬಂದರೆ ‘ಫೇರ್ ವೆದರ್’ ಎಂದರೆ ಮಳೆ ಗಾಳಿ ಇಲ್ಲದ ಒಳ್ಳೆಯ ದಿನ. ಪದ ಒಂದೇ. ಅದರ ಮೇಲೆ ಎಷ್ಟು ಮೆಟ್ಟಿಲುಗಳಿವೆ ಎನ್ನುವುದು ಬದಲಾಗಿದೆ, ಅಷ್ಟೇ.

ನಿಮ್ಮ ತೊಂದರೆಗೆ ಕಾರಣ ಇಲ್ಲೇ ಇದೆ. ಇಂಥ ಪದ ಓದಿದವರು ಅದರ ಅರ್ಥವನ್ನಷ್ಟೇ ನೋಡುವುದಿಲ್ಲ. ‘ಇದಕ್ಕಿಂತ ಮೇಲಿನ ಪದ ಬಳಸಬಹುದಿತ್ತು, ಯಾಕೆ ಬಳಸಲಿಲ್ಲ?’ ಎಂದು ಕೇಳಿಕೊಳ್ಳುತ್ತಾರೆ. ಪಾಲ್ ಗ್ರೈಸ್ ಎಂಬ ತತ್ವಶಾಸ್ತ್ರಜ್ಞರು 1975ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಅವರು ಕೊಟ್ಟ ಉದಾಹರಣೆ ಇಂದಿಗೂ ಪಾಠಗಳಲ್ಲಿ ಬರುತ್ತದೆ. ವಿದ್ಯಾರ್ಥಿಯೊಬ್ಬ ತತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ್ದಾನೆ. ಅವನ ಮೇಷ್ಟ್ರು ಶಿಫಾರಸು ಪತ್ರದಲ್ಲಿ ‘ಇವನ ಇಂಗ್ಲಿಷ್ ತುಂಬಾ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಾನೆ’ ಎಂದಷ್ಟೇ ಬರೆಯುತ್ತಾರೆ. ಎರಡೂ ಒಳ್ಳೆಯ ಮಾತೇ. ಆದರೂ ಓದಿದವರಿಗೆ ‘ತತ್ವಶಾಸ್ತ್ರದಲ್ಲಿ ಹುಡುಗ ಏನೂ ಅಲ್ಲ’ ಎಂದು ಅರ್ಥವಾಗುತ್ತದೆ. ಹೇಳದೆ ಬಿಟ್ಟದ್ದೇ ಅಲ್ಲಿ ಮಾತಾಡುತ್ತದೆ.

ಈ ಸೂಕ್ಷ್ಮ ನಮಗೆ ಹೊಸದೇನಲ್ಲ. ‘ಹೇಗಿತ್ತು?’ ಎಂದು ಕೇಳಿದಾಗ ‘ಹ್ಞೂಂ, ಪರವಾಗಿಲ್ಲ’ ಎಂದರೆ ನಾವು ಮುಖ ನೋಡುತ್ತೇವೆ, ದನಿ ಕೇಳುತ್ತೇವೆ. ಅದು ‘ಚೆನ್ನಾಗಿತ್ತು’ ಎಂದೋ ‘ಅಷ್ಟಕ್ಕಷ್ಟೇ’ ಎಂದೋ ಆಮೇಲೆ ತೀರ್ಮಾನಿಸುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ನಿಘಂಟು ಕೊಟ್ಟ ಅರ್ಥವೇ ಪೂರ್ತಿ ತೂಕ ಎಂದು ನಂಬಿಬಿಡುತ್ತೇವೆ. ನಿಘಂಟು ಅರ್ಥ ಕೊಡುತ್ತದೆ. ಓದುವವರ ನಿರೀಕ್ಷೆ ಎಷ್ಟಿತ್ತು ಎನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಈಗ ‘ಅಡಿಕ್ವೇಟ್’. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ‘ಸಮ ಮಾಡಿದ್ದು’. ಬೇಕಾದದ್ದಕ್ಕೆ ಸರಿಸಮ ಇದೆ ಎಂದು. ಆದ್ದರಿಂದ ಬೇಕಾದದ್ದು ಇಷ್ಟು ಎಂದು ಮೊದಲೇ ಗೊತ್ತಿರುವ ಕಡೆ ಇದು ಒಳ್ಳೆಯ ಪದ. ಪಂಪಿನ ಒತ್ತಡ ಅಡಿಕ್ವೇಟ್, ಕೋಣೆಯ ಗಾಳಿ ಬೆಳಕು ಅಡಿಕ್ವೇಟ್, ಪರೀಕ್ಷೆಗೆ ತೆಗೆದ ಮಾದರಿ ಅಡಿಕ್ವೇಟ್. ಇಲ್ಲೆಲ್ಲ ಯಾರಿಗೂ ನೋವಿಲ್ಲ. ಲ್ಯಾಬಿನ ವರದಿಯಲ್ಲಿ ಆ ಪದ ಇದ್ದರೆ ಒಳ್ಳೆಯ ಸುದ್ದಿ, ಮತ್ತೆ ಮಾದರಿ ಕೊಡಬೇಕಿಲ್ಲ. ಆದರೆ ‘ಅಡಿಕ್ವೇಟ್ ಟೀಚರ್’ ಎಂದು ನೋಡಿ. ಕೂಡಲೇ ಚುಚ್ಚುತ್ತದೆ. ಪಂಪಿಗೆ ಇಷ್ಟು ಒತ್ತಡ ಸಾಕು ಎಂಬ ಲೆಕ್ಕ ಇರುತ್ತದೆ. ಮನುಷ್ಯ ಮನಸ್ಸಿಟ್ಟು ಮಾಡಿದ ಕೆಲಸಕ್ಕೆ ಅಂಥ ಲೆಕ್ಕ ಇರುವುದಿಲ್ಲ. ಮಾಡಿದವರು ಮೆಚ್ಚುಗೆ ಸಿಗಬಹುದು ಎಂದು ಕಾದಿರುತ್ತಾರೆ. ಅಲ್ಲಿ ‘ಸಾಕಷ್ಟಿದೆ’ ಎಂದರೆ ‘ಮೆಚ್ಚುವಂಥದ್ದು ಏನೂ ಕಾಣಲಿಲ್ಲ’ ಎಂದು ಕೇಳಿಸುತ್ತದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ವ್ಯತ್ಯಾಸ ಇದೇ. ವಸ್ತುವಿನ ಬಗ್ಗೆ ಬರೆಯುವಾಗ ಅಡಿಕ್ವೇಟ್, ಸಫಿಶಿಯೆಂಟ್, ಸ್ಯಾಟಿಸ್‌ಫ್ಯಾಕ್ಟರಿ, ಅಕ್ಸೆಪ್ಟಬಲ್ ಇವುಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಮನುಷ್ಯರ ಬಗ್ಗೆ, ಅಥವಾ ಮನುಷ್ಯರ ಹೆಸರು ಅಂಟಿಕೊಂಡಿರುವ ಕೆಲಸದ ಬಗ್ಗೆ ಬರೆಯುವಾಗ ಇದೇ ಪದಗಳು ತಣ್ಣಗೆ ಕೊರೆಯುತ್ತವೆ. ನಿಮ್ಮ ಸಹೋದ್ಯೋಗಿಯ ವರದಿ ವಸ್ತುವಲ್ವಾ ಎಂದು ನೀವು ಕೇಳಬಹುದು. ನೀವು ‘ಯುವರ್ ರಿಪೋರ್ಟ್’ ಎಂದು ಬರೆದಿರಿ. ‘ಯುವರ್’ ಎಂದ ಕೂಡಲೇ ಅದು ವಸ್ತುವಾಗಿ ಉಳಿಯಲಿಲ್ಲ.

ಈ ಪದದ ಪಕ್ಕದಲ್ಲಿ ಏನು ಕೂರುತ್ತದೆ ಎನ್ನುವುದೂ ಮುಖ್ಯ. ‘ಬೇರ್ಲಿ ಅಡಿಕ್ವೇಟ್’ ಎಂದರೆ ಹೇಗೋ ದಡ ಮುಟ್ಟಿತು. ‘ಮೋರ್ ದ್ಯಾನ್ ಅಡಿಕ್ವೇಟ್’ ನಿಜವಾದ ಮೆಚ್ಚುಗೆ. ‘ಪರ್ಫೆಕ್ಟ್ಲಿ ಅಡಿಕ್ವೇಟ್’ ಎನ್ನುವುದು ಧೈರ್ಯ ಹೇಳುವ ಮಾತು. ಇದಕ್ಕಿಂತ ದುಬಾರಿಯದು, ದೊಡ್ಡದು ಬೇಕಿಲ್ಲ, ಇದೇ ನಡೆಯುತ್ತೆ ಎಂದು. ಮೂರನೆಯದನ್ನು ಸಾಧನಗಳ ಬಗ್ಗೆ ಧಾರಾಳವಾಗಿ ಬಳಸಿ, ಜನರ ಬಗ್ಗೆ ಬೇಡ.

‘ಮೀಡಿಯೋಕರ್’ ಬಗ್ಗೆ ಇಷ್ಟು ಯೋಚಿಸಬೇಕಾಗಿಲ್ಲ. ಅದನ್ನು ಯಾರ ಕೆಲಸದ ಬಗ್ಗೆಯೂ ಬರೆಯಬೇಡಿ, ನೀವು ನಿಜಕ್ಕೂ ತೆಗಳಲು ಹೊರಟಿದ್ದರೆ ಹೊರತು. ನಿಮ್ಮ ತಪ್ಪು ಊಹೆಗೆ ಕಾರಣ ಇದೆ. ಆ ಪದದ ಲ್ಯಾಟಿನ್ ಮೂಲದಲ್ಲಿ ಇರುವುದು ‘ನಡು’ ಎಂಬ ಅರ್ಥವೇ. ಅದನ್ನು ಬಿಡಿಸಿದರೆ ‘ಬೆಟ್ಟದ ಅರ್ಧ ಎತ್ತರ’ ಎಂದಾಗುತ್ತದೆ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಅದು ‘ಮಧ್ಯಮ’ ಎಂದೇ ಇತ್ತು. ಕಾಲ ಕಳೆದಂತೆ ಕೆಳಗೆ ಜಾರಿತು. ಈಗ ಅದರಲ್ಲಿ ‘ಇನ್ನೂ ಚೆನ್ನಾಗಿರಬೇಕಿತ್ತು, ಆಗಲಿಲ್ಲ’ ಎಂಬ ನಿರಾಸೆ ತುಂಬಿದೆ. ನಡು ಎಂದು ಬರಿದಾಗಿ ಹೇಳುವ ಇಂಗ್ಲಿಷ್ ಪದಗಳಲ್ಲಿ ಬಹುಪಾಲು ಹೀಗೆಯೇ ಜಾರುತ್ತವೆ. ‘ಆವರೇಜ್’ ಲೆಕ್ಕದಲ್ಲಿ ತಟಸ್ಥ, ಕೆಲಸದ ಬಗ್ಗೆ ಹೇಳಿದರೆ ತೆಗಳಿಕೆಯ ಕಡೆ ವಾಲುತ್ತದೆ. ‘ಆರ್ಡಿನರಿ’ ಆಸ್ಟ್ರೇಲಿಯಾದಲ್ಲಿ ಇನ್ನೂ ಕೆಳಗಿಳಿದಿದೆ. ಅಲ್ಲಿಯವರು ‘ಪ್ರಿಟಿ ಆರ್ಡಿನರಿ’ ಎಂದರೆ ಕಳಪೆ ಎಂದೇ ಅರ್ಥ. ‘ಇನ್‌ಡಿಫರೆಂಟ್’ ಕೂಡ ಅದೇ ದಾರಿ ಹಿಡಿದ ಪದ. ನಮ್ಮ ‘ಸುಮಾರು’ ಕೂಡ ಹೀಗೆ ಜಾರುತ್ತದೆ, ಗಮನಿಸಿದ್ದೀರಾ? ‘ಹುಡುಗ ಓದಿನಲ್ಲಿ ಸುಮಾರು’ ಎಂದರೆ ಯಾರೂ ಹೆಮ್ಮೆಪಡುವುದಿಲ್ಲ.

ಪದಗಳು ಜಾರುವುದಕ್ಕೆ ಒಂದು ಬಲವಾದ ಸಾಕ್ಷಿ ಇಂಗ್ಲೆಂಡಿನ ಶಾಲಾ ತಪಾಸಣೆಯಲ್ಲಿದೆ. ಅಲ್ಲಿ ಶಾಲೆಗಳನ್ನು ಪರಿಶೀಲಿಸುವ ಸಂಸ್ಥೆ ಆಫ್‌ಸ್ಟೆಡ್. ಅದು ನಾಲ್ಕು ದರ್ಜೆ ಕೊಡುತ್ತಿತ್ತು: ಔಟ್‌ಸ್ಟ್ಯಾಂಡಿಂಗ್, ಗುಡ್, ಸ್ಯಾಟಿಸ್‌ಫ್ಯಾಕ್ಟರಿ, ಇನ್‌ಅಡಿಕ್ವೇಟ್. ಪದದ ಅರ್ಥದ ಪ್ರಕಾರ ‘ಸ್ಯಾಟಿಸ್‌ಫ್ಯಾಕ್ಟರಿ’ ಎಂದರೆ ತೃಪ್ತಿಕರ. ಆದರೆ ಆ ದರ್ಜೆ ಬಂದ ಶಾಲೆಯ ಬಗ್ಗೆ ಯಾರಿಗೂ ತೃಪ್ತಿ ಇರಲಿಲ್ಲ. ಸಂಸ್ಥೆಯೇ 2012ರ ಸೆಪ್ಟೆಂಬರಿನಲ್ಲಿ ಆ ಪದ ಕೈಬಿಟ್ಟಿತು. ಅದೇ ಜಾಗಕ್ಕೆ ‘ರಿಕ್ವೈರ್ಸ್ ಇಂಪ್ರೂವ್‌ಮೆಂಟ್’ ಬಂತು. ಅಂದರೆ ‘ಸಾಕು’ ಎನ್ನುತ್ತಿದ್ದ ಜಾಗಕ್ಕೆ ‘ಸಾಲದು, ಸುಧಾರಿಸಿ’ ಎಂಬ ಹೆಸರು ಬಂತು. ಮುಂದೆ 2024ರಲ್ಲಿ ಸರ್ಕಾರಿ ಶಾಲೆಗಳಿಗೆ ಒಟ್ಟಾರೆ ಒಂದೇ ಪದದ ತೀರ್ಪು ಕೊಡುವುದನ್ನೇ ನಿಲ್ಲಿಸಿದರು. ಇಡೀ ಶಾಲೆಯನ್ನು ಒಂದು ಪದದಲ್ಲಿ ಹಿಡಿಯುವುದು ತಪ್ಪು ಎಂಬ ಮಾತಿಗೆ ನನ್ನ ಪೂರ್ತಿ ಸಹಮತವಿದೆ. ಒಬ್ಬ ಮನುಷ್ಯನ ಒಂದು ವರ್ಷದ ದುಡಿಮೆಗೂ ಅದು ಅನ್ವಯಿಸುತ್ತದೆ.

ಆದರೆ ‘ಇಂಗ್ಲಿಷಿನಲ್ಲಿ ಸಾಕು ಎನ್ನುವ ಪದಗಳೆಲ್ಲ ಬೈಗುಳ’ ಎಂದುಕೊಂಡರೆ ಅದೂ ತಪ್ಪು. ಕೆಲವು ವೃತ್ತಿಗಳಲ್ಲಿ ಅವಕ್ಕೆ ಗಟ್ಟಿಯಾದ, ಗೌರವದ ಜಾಗವಿದೆ. ಬ್ರಿಟನ್ನಿನ ಗ್ರಾಹಕ ಕಾನೂನಿನಲ್ಲಿ ಮಾರಿದ ವಸ್ತು ‘ಸ್ಯಾಟಿಸ್‌ಫ್ಯಾಕ್ಟರಿ ಕ್ವಾಲಿಟಿ’ ಇರಬೇಕು ಎಂಬ ನಿಯಮವಿದೆ. ಅದು ಕೊಂಡವರಿಗೆ ಸಿಗುವ ರಕ್ಷಣೆ. ಎಕ್ಸ್‌ರೇ ವರದಿಯಲ್ಲಿ ‘ಅನ್‌ರಿಮಾರ್ಕಬಲ್’ ಎಂದು ಬಂದರೆ ಸಂತೋಷಪಡಬೇಕು, ಅಸಹಜವಾದದ್ದು ಏನೂ ಕಾಣಲಿಲ್ಲ ಎಂದರ್ಥ. ನಾಟಕದ ವಿಮರ್ಶೆಯಲ್ಲಿ ಅದೇ ಪದ ಬಂದರೆ ಆಡಿದವರಿಗೆ ದುಃಖ. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ 1953ರಲ್ಲಿ ‘ಗುಡ್ ಎನಫ್ ಮದರ್’ ಎಂಬ ಮಾತು ಬಳಸಿದರು. ಮೊದಮೊದಲು ಮಗುವಿನ ಬೇಕುಬೇಡಗಳಿಗೆ ಪೂರ್ತಿ ಒದಗುವ ತಾಯಿ, ಮಗು ತಡೆದುಕೊಳ್ಳುವಷ್ಟು ಬೆಳೆದಂತೆ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತಾಳೆ. ಮಗು ಬೆಳೆಯಲು ಅದೇ ಬೇಕು ಎಂದು ಅವರು ಹೇಳಿದರು. ಅಲ್ಲಿ ‘ಗುಡ್ ಎನಫ್’ ಎಂದರೆ ಕೊರತೆಯಲ್ಲ, ಅದೇ ಸರಿಯಾದ ಅಳತೆ. ಹರ್ಬರ್ಟ್ ಸೈಮನ್ 1956ರಲ್ಲಿ ‘ಸ್ಯಾಟಿಸ್‌ಫೈಸ್’ ಎಂಬ ಪದವನ್ನು ಚಲಾವಣೆಗೆ ತಂದದ್ದೂ ಇಂಥದ್ದೇ ಕಾರಣಕ್ಕೆ. ಅತ್ಯುತ್ತಮವಾದದ್ದನ್ನು ಹುಡುಕುತ್ತಾ ಕೂರಲು ಮನುಷ್ಯನಿಗೆ ಸಮಯವೂ ಇಲ್ಲ, ಮಾಹಿತಿಯೂ ಇಲ್ಲ. ಆದ್ದರಿಂದ ಅವನು ಮೊದಲೇ ಒಂದು ಮಟ್ಟ ಇಟ್ಟುಕೊಂಡು, ಅದನ್ನು ಮುಟ್ಟಿದ್ದನ್ನು ಆರಿಸುತ್ತಾನೆ ಎಂಬುದು ಅವರ ವಾದ. ಅವರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಈ ಎಲ್ಲ ಕಡೆ ಒಂದು ಸಮಾನ ಅಂಶವಿದೆ. ಕಾನೂನು, ಎಕ್ಸ್‌ರೇ ವರದಿ, ವಿನ್ನಿಕಾಟ್, ಸೈಮನ್, ಎಲ್ಲೆಡೆಯೂ ‘ಯಾವುದಕ್ಕೆ ಸಾಕು’ ಎನ್ನುವುದು ಸ್ಪಷ್ಟವಿದೆ. ನಿಮ್ಮ ವಾಕ್ಯದಲ್ಲಿ ಇಲ್ಲದೆ ಹೋದದ್ದು ಅದು. ‘ಅಡಿಕ್ವೇಟ್’ ಎಂದು ಬರೆದಿರಿ, ಯಾವುದಕ್ಕೆ ಅಡಿಕ್ವೇಟ್ ಎಂದು ಬರೆಯಲಿಲ್ಲ. ಆ ಖಾಲಿ ಜಾಗವನ್ನು ಓದಿದವರು ತಮ್ಮ ಆತಂಕದಿಂದ ತುಂಬಿಕೊಂಡರು.

ಈಗ ‘ಕ್ವೈಟ್ ಗುಡ್’. ಇದು ಎಂಥವರನ್ನೂ ದಾರಿ ತಪ್ಪಿಸುವ ಮಾತು. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಗುಡ್’ ಜೊತೆ ‘ಕ್ವೈಟ್’ ಸೇರಿದರೆ ಸಾಮಾನ್ಯವಾಗಿ ತೂಕ ಇಳಿಯುತ್ತದೆ, ‘ತಕ್ಕಮಟ್ಟಿಗೆ ಚೆನ್ನಾಗಿದೆ’ ಎಂದಾಗುತ್ತದೆ. ಅಮೆರಿಕದವರು ಬರೆದರೆ ಹೆಚ್ಚಾಗಿ ತೂಕ ಏರುತ್ತದೆ, ‘ತುಂಬಾ ಚೆನ್ನಾಗಿದೆ’ ಎಂದು. ಇನ್ನೂ ಒಂದು ತೊಡಕಿದೆ. ‘ಪೂರ್ತಿ’ ಇಲ್ಲವೇ ‘ಇಲ್ಲ’ ಎಂಬ ಬಗೆಯ ಪದಗಳ ಜೊತೆ ಬಂದಾಗ ಬ್ರಿಟನ್ನಿನಲ್ಲೂ ‘ಕ್ವೈಟ್’ ಎಂದರೆ ‘ಸಂಪೂರ್ಣ’. ‘ಕ್ವೈಟ್ ರೈಟ್’ ಎಂದರೆ ಪೂರ್ತಿ ಸರಿ, ‘ಕ್ವೈಟ್ ಇಂಪಾಸಿಬಲ್’ ಎಂದರೆ ಸಾಧ್ಯವೇ ಇಲ್ಲ. ಆದ್ದರಿಂದ ನೀವು ಬರೆಯುವಾಗ ‘ಕ್ವೈಟ್ ಗುಡ್’ ಕೈಬಿಡಿ. ಓದುವಾಗ ಬರೆದವರು ಯಾವ ದೇಶದವರು ಎಂದು ನೋಡಿ. ಅದಕ್ಕಿಂತ ಮುಖ್ಯವಾಗಿ ಮುಂದಿನ ವಾಕ್ಯ ನೋಡಿ. ‘ಬಟ್’ ಬಂದಿದೆಯಾ? ಇನ್ನೇನಾದರೂ ಮಾಡಲು ಕೇಳಿದ್ದಾರಾ? ಅವರ ನಿಜವಾದ ಅಭಿಪ್ರಾಯ ಅಲ್ಲಿರುತ್ತದೆ. ಅನುಮಾನ ಉಳಿದರೆ ಅಂದೇ ಕೇಳಿಬಿಡಿ: ‘ಈಸ್ ದಿಸ್ ರೆಡಿ ಟು ಗೋ, ಆರ್ ವುಡ್ ಯೂ ಲೈಕ್ ಚೇಂಜಸ್?’ ಇದನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಆ ಗ್ರಾಹಕರಿಗೂ ಇದರಿಂದ ನೆಮ್ಮದಿ, ಅವರಿಗೆ ನೇರವಾಗಿ ಹೇಳಲು ಒಂದು ಅವಕಾಶ ಸಿಗುತ್ತದೆ.

‘ಫೈನ್’ ಕೂಡ ಇಂಥ ಎರಡು ಮುಖದ ಪದ. ಅದರ ಗುಟ್ಟು ಇರುವುದು ಜಾಗದಲ್ಲಿ. ನಾಮಪದದ ಮುಂದೆ ಬಂದರೆ ಎತ್ತರದ ಹೊಗಳಿಕೆ: ‘ಎ ಫೈನ್ ಪೀಸ್ ಆಫ್ ವರ್ಕ್’. ವಾಕ್ಯದ ಕೊನೆಗೆ ಬಂದರೆ ‘ಆಯಿತು, ನಡೆಯುತ್ತೆ’: ‘ದ ವರ್ಕ್ ಈಸ್ ಫೈನ್’. ಚಾಟಿನಲ್ಲಿ ‘ಫೈನ್’ ಎಂದು ಒಂದೇ ಪದ ಕಳಿಸಿದರೆ ಸಿಟ್ಟು ಬಂದಿದೆ ಎಂದೇ ಹಲವರು ಓದುತ್ತಾರೆ.

‘ಓಕೆ’ ಸುರಕ್ಷಿತ ಎಂದು ನಂಬುವವರು ತುಂಬಾ ಜನ. 1839ರಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ಅದು ಮೊದಲು ಅಚ್ಚಾದಾಗ ‘ಆಲ್ ಕರೆಕ್ಟ್’ ಎಂಬುದನ್ನು ತಮಾಷೆಗೆ ತಪ್ಪು ಕಾಗುಣಿತದಲ್ಲಿ ಬರೆದು, ಮೊದಲ ಅಕ್ಷರಗಳನ್ನು ಮಾತ್ರ ಇಟ್ಟುಕೊಂಡಿದ್ದರು. ಅಂದರೆ ಹುಟ್ಟಿದಾಗ ಅದರ ಅರ್ಥ ‘ಎಲ್ಲ ಸರಿ’. ಒಪ್ಪಿಗೆ ಸೂಚಿಸುವಾಗ ಇಂದಿಗೂ ಅದು ಹಾಗೆಯೇ ಇದೆ, ಯಾವ ಬಣ್ಣವೂ ಇಲ್ಲ. ಗುಣಮಟ್ಟ ಹೇಳಲು ಬಳಸಿದಾಗ ಮಾತ್ರ ಪೇಲವ. ‘ಓಕೆ, ವಿಲ್ ಡೂ’ ಎಂದು ಬರೆಯಿರಿ, ತೊಂದರೆಯಿಲ್ಲ. ‘ಯುವರ್ ಡಿಸೈನ್ ವಾಸ್ ಓಕೆ’ ಎಂದರೆ ವಿನ್ಯಾಸ ಮಾಡಿದವರು ರಾತ್ರಿ ಅದನ್ನೇ ಯೋಚಿಸುತ್ತಾರೆ. ‘ನಾಟ್ ಬ್ಯಾಡ್’ ಮಾತಿನಲ್ಲಿ ಬಹಳ ಬೆಚ್ಚಗಿನ ಪದವಾಗಬಲ್ಲದು. ಹುಬ್ಬೇರಿಸಿ, ದನಿ ಎಳೆದು ಹೇಳಿದರೆ ಅದು ನಿಜವಾದ ಮೆಚ್ಚುಗೆ. ಬರಹದಲ್ಲಿ ಹುಬ್ಬೂ ಇಲ್ಲ, ದನಿಯೂ ಇಲ್ಲ. ಎದುರಿಗೆ ಕೂತಾಗ ಬಳಸಿ, ಈಮೇಲಿನಲ್ಲಿ ಬೇಡ.

ಹಾಗಾದರೆ ಬರೆಯುವುದು ಹೇಗೆ? ನಾನು ಹೆಚ್ಚಾಗಿ ಹೇಳಿಕೊಡುವ ದಾರಿ ಗುಣವಾಚಕವನ್ನೇ ಬಿಟ್ಟು, ಕೆಲಸ ಏನನ್ನು ಪೂರೈಸಿದೆ ಎಂದು ಬರೆಯುವುದು. ‘ಯುವರ್ ರಿಪೋರ್ಟ್ ಈಸ್ ಅಡಿಕ್ವೇಟ್’ ಬದಲು ‘ದ ರಿಪೋರ್ಟ್ ಕವರ್ಸ್ ಎವ್ರಿಥಿಂಗ್ ದ ಕ್ಲೈಂಟ್ ಆಸ್ಕ್‌ಡ್ ಫಾರ್, ಆಂಡ್ ವಿ ಕ್ಯಾನ್ ಸೆಂಡ್ ಇಟ್ ಟುಡೇ’. ಗ್ರಾಹಕರು ಕೇಳಿದ್ದೆಲ್ಲ ಇದೆ, ಇಂದೇ ಕಳಿಸಬಹುದು. ಇಲ್ಲಿ ಹೊಗಳಿಕೆ ಒಂದಿಷ್ಟೂ ಇಲ್ಲ, ಸುಳ್ಳೂ ಇಲ್ಲ. ಆದರೂ ಓದಿದವರಿಗೆ ತಮ್ಮ ಕೆಲಸ ಮುಟ್ಟಬೇಕಾದ ಕಡೆ ಮುಟ್ಟಿತು ಎಂದು ತಿಳಿಯುತ್ತದೆ. ಇದಕ್ಕೆ ಒಂದು ಬೆಲೆ ತೆರಬೇಕು. ಗ್ರಾಹಕರು ಏನು ಕೇಳಿದ್ದರು ಎಂದು ನಿಮಗೆ ಸರಿಯಾಗಿ ಗೊತ್ತಿರಬೇಕು, ವರದಿಯನ್ನು ಪೂರ್ತಿ ಓದಿರಬೇಕು. ಮೇಲೆ ಮೇಲೆ ನೋಡಿ ಇಂಥ ವಾಕ್ಯ ಬರೆದರೆ, ಬಿಟ್ಟುಹೋದ ಒಂದು ಅಂಶ ಆಮೇಲೆ ಸಿಕ್ಕಿದಾಗ ನಿಮ್ಮ ಮಾತಿಗೇ ಬೆಲೆ ಇರುವುದಿಲ್ಲ.

ಕೆಲಸದಲ್ಲಿ ಒಂದು ಭಾಗ ಚೆನ್ನಾಗಿದ್ದು ಇನ್ನೊಂದು ಸೊರಗಿದ್ದರೆ, ಎರಡನ್ನೂ ಸೇರಿಸಿ ಒಂದು ನಡುವಿನ ಪದ ಹುಡುಕಬೇಡಿ. ಬಿಡಿಸಿ ಬರೆಯಿರಿ. ನೀವು ‘ಮೀಡಿಯೋಕರ್’ ಎಂದ ಕೆಲಸದಲ್ಲಿ ಬಹುಶಃ ಹೀಗೇ ಇತ್ತು. ‘ದ ನಂಬರ್ಸ್ ಆರ್ ಆಕ್ಯುರೇಟ್. ದ ಸೆಕೆಂಡ್ ಸೆಕ್ಷನ್ ನೀಡ್ಸ್ ಎಕ್ಸಾಂಪಲ್ಸ್.’ ಅಂಕಿಗಳು ಸರಿ ಇವೆ, ಎರಡನೇ ಭಾಗಕ್ಕೆ ಉದಾಹರಣೆ ಬೇಕು. ಇದನ್ನು ಓದಿದವರು ಮಾಡಬೇಕಾದ ಕೆಲಸ ಕಣ್ಣೆದುರು ಇದೆ. ಅಪಾಯ ಏನೆಂದರೆ ಕೆಲವರು ಎರಡನೇ ವಾಕ್ಯವನ್ನು ಮಾತ್ರ ಓದುತ್ತಾರೆ, ಕೆಲವರು ಮೊದಲನೆಯದನ್ನು ಮಾತ್ರ. ಹಾಗಾಗಿ ಕೊರತೆ ದೊಡ್ಡದಿದ್ದರೆ ಅದನ್ನು ಮೊದಲು ಬರೆಯಿರಿ. ಹೊಗಳಿಕೆಯ ನಡುವೆ ಬಚ್ಚಿಡಬೇಡಿ. ಆ ಸಹೋದ್ಯೋಗಿಯ ಜೊತೆ ಒಮ್ಮೆ ಕೂತು ಮಾತಾಡಿ, ‘ಮಧ್ಯಮ ಎನ್ನುವ ಅರ್ಥದಲ್ಲಿ ಬರೆದೆ, ಆ ಪದ ಅಷ್ಟು ಗಡುಸು ಎಂದು ಗೊತ್ತಿರಲಿಲ್ಲ’ ಎಂದು ಹೇಳುವುದೂ ಒಳ್ಳೆಯದು. ಇದನ್ನು ಬರಹದಲ್ಲಿ ಮಾಡಲು ಹೋಗಬೇಡಿ.

ಗುಣವಾಚಕವೇ ಬೇಕು ಎಂದರೆ ಸ್ವಲ್ಪ ಬೆಚ್ಚಗಿನವು ಇವೆ. ‘ಸಾಲಿಡ್’ ಎಂದರೆ ಮಿಂಚಿಲ್ಲ, ಆದರೆ ನಂಬಬಹುದು. ‘ಸೌಂಡ್’ ಅದರ ಹತ್ತಿರದ ಪದ, ವಾದ ಅಥವಾ ಯೋಜನೆಯ ಬಗ್ಗೆ ಹೇಳುವಾಗ ಚೆಂದ. ‘ರೀಸನಬಲ್’ ಬೆಲೆ, ಅಂದಾಜು, ಗಡುವು ಇವುಗಳಿಗೆ ಸರಿಯಾಗಿ ಹೊಂದುತ್ತದೆ. ‘ರೆಸ್ಪೆಕ್ಟಬಲ್’ ಅಂಕಿಗಳಿಗೆ, ಫಲಿತಾಂಶಗಳಿಗೆ. ‘ಡೀಸೆಂಟ್’ ನನಗೆ ಇಷ್ಟದ ಪದ. ಸಾಕು ಎನ್ನುವುದನ್ನು ಪ್ರೀತಿಯಿಂದ ಹೇಳುತ್ತದೆ. ಆದರೆ ಅದು ಆಡುಮಾತಿನದು, ಔಪಚಾರಿಕ ದಾಖಲೆಯಲ್ಲಿ ಹಗುರವಾಗಿ ಕಾಣುತ್ತದೆ. ‘ಕಾಂಪಿಟೆಂಟ್’ ಬಗ್ಗೆ ಎಚ್ಚರ ಇರಲಿ. ಹೊಸದಾಗಿ ಸೇರಿದವರಿಗೆ ಅದು ಒಳ್ಳೆಯ ಮಾತು. ಇಪ್ಪತ್ತು ವರ್ಷ ದುಡಿದವರ ಬಗ್ಗೆ ಬರೆದರೆ ಅವಮಾನ. ಈ ಎಲ್ಲ ಪದಗಳಿಗೂ ಇರುವ ಅಪಾಯ ಒಂದೇ. ನೀವು ‘ಸಾಕು’ ಎಂದದ್ದನ್ನು ಓದುವವರು ‘ಚೆನ್ನಾಗಿದೆ’ ಎಂದು ಓದಿಕೊಂಡು, ಮುಂದಿನ ಸಲವೂ ಅಷ್ಟೇ ಮಾಡಿ ನಿಲ್ಲಿಸಬಹುದು. ಮುಂದೆ ಹೆಚ್ಚಿನದು ಬೇಕಿದ್ದರೆ ಅದನ್ನು ಬೇರೆ ವಾಕ್ಯದಲ್ಲಿ ಹೇಳಲೇಬೇಕು.

‘ಗುಡ್ ಎನಫ್’ ಬಳಸುವುದಾದರೆ ಅದರ ಹಿಂದೆ ‘ಫಾರ್’ ಇರಲಿ. ‘ಗುಡ್ ಎನಫ್ ಫಾರ್ ದ ಫಸ್ಟ್ ಡ್ರಾಫ್ಟ್’, ‘ಗುಡ್ ಎನಫ್ ಫಾರ್ ಟೆಸ್ಟಿಂಗ್’. ಮೊದಲ ಕರಡಿಗೆ ಸಾಕು, ಪರೀಕ್ಷೆಗೆ ಸಾಕು. ಬರೀ ‘ಗುಡ್ ಎನಫ್’ ಎಂದರೆ ಕೈಚೆಲ್ಲಿದ ಹಾಗೆ ಕೇಳುತ್ತದೆ. ಅದಕ್ಕೆ ‘ನಾಟ್’ ಸೇರಿಸಿದರೆ ಇಂಗ್ಲಿಷಿನ ಗಟ್ಟಿ ಬೈಗುಳಗಳಲ್ಲೊಂದು, ‘ನಾಟ್ ಗುಡ್ ಎನಫ್’. ಕೈತಪ್ಪಿಯೂ ಬರೆಯಬೇಡಿ.

ಎಷ್ಟೋ ಸಲ ಗುಣಮಟ್ಟದ ಬಗ್ಗೆ ಏನೂ ಹೇಳಬೇಕಾಗಿಯೇ ಇರುವುದಿಲ್ಲ. ದಿನನಿತ್ಯದ ಕೆಲಸಕ್ಕೆ ‘ಅಪ್ರೂವ್ಡ್, ಥ್ಯಾಂಕ್ ಯೂ’ ಎಂದರೆ ಮುಗಿಯಿತು. ಎಲ್ಲದಕ್ಕೂ ತೂಕ ಹಾಕುವ ನಾಯಕರ ತಂಡ ಸದಾ ಅಳುಕಿನಲ್ಲಿರುತ್ತದೆ. ಆದರೆ ತಿಂಗಳುಗಟ್ಟಲೆ ಬರೀ ‘ಅಪ್ರೂವ್ಡ್’ ಎಂದೇ ಬರುತ್ತಿದ್ದರೆ ಅದೂ ತಣ್ಣಗಾಗುತ್ತದೆ. ನಡುವೆ ಒಮ್ಮೆಯಾದರೂ, ನಿಜವಾಗಿ ಮೆಚ್ಚಿದ್ದನ್ನು ಹೆಸರಿಸಿ ಬರೆಯಿರಿ.

ಇನ್ನು ವರ್ಷದ ಕೊನೆಯ ಮೌಲ್ಯಮಾಪನ. ಅಲ್ಲಿ ನಿಮಗೆ ಪದ ಆರಿಸುವ ಸ್ವಾತಂತ್ರ್ಯ ಇರುವುದಿಲ್ಲ, ಸಂಸ್ಥೆ ಕೊಟ್ಟ ಹಂತಗಳಲ್ಲಿ ಒಂದನ್ನು ಗುರುತು ಮಾಡಬೇಕು. ಸಾಮಾನ್ಯವಾಗಿ ನಡುವೆ ಇರುವುದು ‘ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್’. ಬರೆದಿರುವುದು ‘ನಿರೀಕ್ಷೆ ಪೂರೈಸಿದ್ದಾರೆ’ ಎಂದು. ಆದರೆ ಹೆಚ್ಚಿನವರಿಗೆ ಅದಕ್ಕಿಂತ ಮೇಲಿನದೇ ಸಿಗುತ್ತಿರುವ ಕಡೆ ಅದು ಸೋಲಿನ ಹಾಗೆ ಕಾಣುತ್ತದೆ. ನೀವೊಬ್ಬರೇ ಅದನ್ನು ಬದಲಿಸಲು ಆಗುವುದಿಲ್ಲ. ಮೊದಲು ಎಚ್‌ಆರ್ ಅವರನ್ನು ಕೇಳಿ: ಈ ಹಂತಕ್ಕೆ ಬರಹದಲ್ಲಿ ವಿವರಣೆ ಇದೆಯಾ, ಇತರ ತಂಡಗಳು ಇದನ್ನು ಹೇಗೆ ಬಳಸುತ್ತಿವೆ? ಫಾರಂ ತುಂಬುವ ಮುಂಚೆ ಆ ವಿವರಣೆಯನ್ನು ತಂಡಕ್ಕೂ ಓದಿ ಹೇಳಿ. ಗುರುತು ಮಾಡಿದ ಹಂತದ ಕೆಳಗೆ ಟಿಪ್ಪಣಿಯ ಜಾಗ ಇದ್ದೇ ಇರುತ್ತದೆ. ಅಲ್ಲಿ ಆ ವ್ಯಕ್ತಿ ಯಾವ ಯಾವ ಕೆಲಸ ಪೂರೈಸಿದರು, ಮೇಲಿನ ಹಂತಕ್ಕೆ ಇನ್ನೇನು ಬೇಕು ಎಂದು ಎರಡು ವಾಕ್ಯ ಬರೆಯಿರಿ. ನಿಮ್ಮ ತಂಡದವರು ಮನೆಗೆ ಹೋಗಿ ಮತ್ತೆ ಮತ್ತೆ ಓದುವುದು ಆ ಎರಡು ವಾಕ್ಯಗಳನ್ನೇ. ಅವುಗಳಿಗೆ ಸಮಯ ಕೊಡಿ.